ಡಾರ್ಕ್‌ಲಿಂಗ್: ಕತ್ತಲಲ್ಲಿ ಕಿವಿಗೊಡುವ ಪದ

ಹಳೆಯ ಇಂಗ್ಲಿಷ್ ಕವಿತೆ ಓದಲು ಕೂತವರಿಗೆ ಒಂದಲ್ಲ ಒಂದು ದಿನ 'ಡಾರ್ಕ್‌ಲಿಂಗ್' ಎಂಬ ಪದ ಎದುರಾಗುತ್ತದೆ. ಕೆಲವರು 'ಡಾರ್ಲಿಂಗ್' ಎಂದೇ ಓದಿಕೊಂಡು ಮುಂದೆ ಹೋಗುತ್ತಾರೆ. ಕೆಲವರು ಕೊನೆಯ 'ಇಂಗ್' ನೋಡಿ 'ಕತ್ತಲಾಗುತ್ತಿರುವ' ಎಂದು ಅರ್ಥ ಹಚ್ಚುತ್ತಾರೆ. ದಯವಿಟ್ಟು ಅಲ್ಲೊಂದು ಗಳಿಗೆ ನಿಲ್ಲಿ. ಈ ಪದದ ರುಚಿಯೆಲ್ಲ ಅದರ ಬಾಲದಲ್ಲಿದೆ.

ಡಕ್‌ಲಿಂಗ್ ಎಂದರೆ ಬಾತುಮರಿ. ಡಾರ್ಲಿಂಗ್‌ನಲ್ಲಿರುವುದೂ ಅದೇ ಮುದ್ದಿನ 'ಲಿಂಗ್'. ಡಾರ್ಕ್‌ಲಿಂಗ್‌ನದು ಬೇರೆ. ನಮ್ಮ ಸಪ್ತಮಿ ವಿಭಕ್ತಿ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ: ಡಾರ್ಕ್‌ಲಿಂಗ್ ಎಂದರೆ 'ಕತ್ತಲಲ್ಲಿ'. ಇದು ತಿಳಿಯದೆ ಇಂಗ್ಲಿಷರೇ 19ನೆಯ ಶತಮಾನದಲ್ಲಿ 'ಡಾರ್ಕಲ್' ಎಂಬ ಹೊಸ ಕ್ರಿಯಾಪದ ಹುಟ್ಟಿಸಿಕೊಂಡರು.

'ಕಿಂಗ್ ಲಿಯರ್'ನಲ್ಲಿ ಈ ಪದ ವಿದೂಷಕನ ಬಾಯಲ್ಲಿ ಬರುತ್ತದೆ. ದೀಪ ಆರಿಹೋದವರ ಪಾಡಿನ ಮಾತದು, ರಾಜ್ಯವನ್ನೇ ಹಂಚಿಬಿಟ್ಟ ಮುದಿ ದೊರೆಯ ಎದುರಿಗೆ ಆಡಿದ್ದು.

ಮಿಲ್ಟನ್‌ನ ಹತ್ತಿರ ಬನ್ನಿ. 1652ರ ಹೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು. 'ಪ್ಯಾರಡೈಸ್ ಲಾಸ್ಟ್' ಅವನು ಬಾಯಲ್ಲಿ ಹೇಳಿ ಬರೆಸಿದ ಕಾವ್ಯ; ಅಚ್ಚಾದದ್ದು 1667ರಲ್ಲಿ. ಮೂರನೆಯ ಸರ್ಗದ ಮೊದಲಿಗೆ ಬೆಳಕನ್ನು ಸ್ತುತಿಸುತ್ತ, ಪೊದೆಯ ಮರೆಯಲ್ಲಿ ರಾತ್ರಿ ಹಾಡುವ ಹಕ್ಕಿಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ. ಆ ಹಕ್ಕಿ ಹಾಡುವುದು ಡಾರ್ಕ್‌ಲಿಂಗ್. ಹಕ್ಕಿಗಾದರೆ ಬೆಳಗಾಗುತ್ತದೆ. ಕವಿಗೆ ಆಗುವುದಿಲ್ಲ.

1819ರಲ್ಲಿ ಕೀಟ್ಸ್ ನೈಟಿಂಗೇಲ್ ಕುರಿತು ಬರೆದ. ಐದನೆಯ ಪದ್ಯದಲ್ಲಿ ಕಾಲಬುಡದ ಹೂವೂ ಅವನಿಗೆ ಕಾಣದು. ಯಾವ ಹೂವೆಂದು ಪರಿಮಳದಿಂದಲೇ ಊಹಿಸಬೇಕು. ಹೀಗೆ ನಮ್ಮ ಕಣ್ಣನ್ನೂ ಕಟ್ಟಿಹಾಕಿದ ಮೇಲೆ ಆರನೆಯ ಪದ್ಯವನ್ನು ಈ ಪದದಿಂದಲೇ ಶುರುಮಾಡುತ್ತಾನೆ. ಈ ಸಲ ಕತ್ತಲಲ್ಲಿ ನಿಂತವನು ಕೇಳುವ ಕವಿ. ಮಿಲ್ಟನ್ ಹಕ್ಕಿಗೆ ಕೊಟ್ಟಿದ್ದ ಪದವನ್ನು ಕೀಟ್ಸ್ ಕೇಳುಗನಿಗೆ ಕೊಟ್ಟ. ಇಂಗ್ಲಿಷ್ ಕಾವ್ಯದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಕೈಬದಲು ಇನ್ನೊಂದಿಲ್ಲ.

ಹಾಗಾಗಿ ಈ ಪದ ಸಿಕ್ಕಲ್ಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಿ: ಕತ್ತಲಲ್ಲಿ ಇರುವವರು ಯಾರು? ಅವರಿಗೆ ಕೇಳಿಸುತ್ತಿರುವುದೇನು? ಆರ್ನಲ್ಡ್‌ನ 'ಡೋವರ್ ಬೀಚ್'ನಲ್ಲಿ ದಡದ ಬೆಣಚುಕಲ್ಲುಗಳನ್ನು ಅಲೆ ಎಳೆದಾಡುವ ಸದ್ದು, ಕೊನೆಗೆ ಇರುಳಿನ ಬಯಲಲ್ಲಿ ಗುರುತು ಹತ್ತದೆ ಕಾದಾಡುವ ಸೇನೆಗಳ ಗದ್ದಲ. ಆ ಹೊತ್ತಿಗೆ ಪದ ವಿಶೇಷಣವಾಗಿ ಬದಲಾಗಿತ್ತು. 1900ರ ಡಿಸೆಂಬರ್ ಕೊನೆಯಲ್ಲಿ ಪ್ರಕಟವಾದ ಥಾಮಸ್ ಹಾರ್ಡಿಯ ಕವಿತೆಯಲ್ಲಿ ಅದು ಶೀರ್ಷಿಕೆಗೇ ಏರಿತು: 'ದಿ ಡಾರ್ಕ್‌ಲಿಂಗ್ ಥ್ರಶ್'. ಚಳಿಗಾಲದ ಮುಚ್ಚಂಜೆ, ಬೋಳು ರೆಂಬೆ, ಬಡಕಲು ಮುದಿ ಹಕ್ಕಿ. ಅದಕ್ಕೆ ಹಾಡಲು ಏನು ಕಾರಣವೋ ಕವಿಗೆ ತಿಳಿಯದು. ಗೇಟಿಗೆ ಒರಗಿ ಕೇಳುತ್ತಾನೆ.