ಅಂಟಿನ ಹಿತ, ಅಂಟಿನ ಮಿತಿ

ನಾರುಗಳಿಂದ ಬಲಪಡಿಸಿದ ಪಾಲಿಮರ್ ದ್ರವ್ಯಗಳನ್ನು ಕುರಿತ ಪ್ರಬಂಧಗಳಲ್ಲಿ ಒಂದು ನಂಬಿಕೆ ಮತ್ತೆ ಮತ್ತೆ ತಲೆದೋರುತ್ತದೆ: ನಾರಿಗೂ ರಾಳಕ್ಕೂ ನಡುವಣ ಅಂಟು ಹೆಚ್ಚಿದಷ್ಟೂ ದ್ರವ್ಯ ಬಲವಾಗುವುದೆಂಬುದು. ಇದು ಅರ್ಧ ಸತ್ಯವೆಂದು ನಾವು ಭಾವಿಸುತ್ತೇವೆ.

ಸತ್ಯವಾದ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ದಪ್ಪ ಗಾಜಿಗಿಂತ ತೆಳುವಾದ ಗಾಜಿನ ಎಳೆ ಬಹುಪಾಲು ಬಲವುಳ್ಳದ್ದೆಂದು ಗ್ರಿಫಿತ್ 1921ರಲ್ಲಿ ತೋರಿಸಿದರು. ಆದರೆ ಹೊರೆ ಆ ಎಳೆಯನ್ನು ಮುಟ್ಟಬೇಕಾದುದು ರಾಳದ ಮೂಲಕವೇ. ಕೆಲ್ಲಿ ಮತ್ತು ಟೈಸನ್ 1965ರಲ್ಲಿ, ಲೋಹದ ದ್ರವ್ಯಗಳನ್ನು ಕುರಿತು, ನಿರೂಪಿಸಿದ ಲೆಕ್ಕ ಇಲ್ಲಿಗೂ ಸಲ್ಲುತ್ತದೆ. ಎಳೆಯ ವ್ಯಾಸ 10 ಮೈಕ್ರಾನ್, ಅದರ ಬಲ ಚದರ ಮಿಲಿಮೀಟರಿಗೆ 2000 ನ್ಯೂಟನ್, ಅಂಟಿನ ಜಾರುಬಲ 20 ನ್ಯೂಟನ್ ಎಂದಿಟ್ಟುಕೊಂಡರೆ, ಅರ್ಧ ಮಿಲಿಮೀಟರಿಗಿಂತ ಗಿಡ್ಡನೆಯ ಎಳೆ ತನ್ನ ಪೂರ್ಣ ಬಲವನ್ನು ತೋರುವ ಮೊದಲೇ ಕಳಚಿಕೊಳ್ಳುತ್ತದೆ. ಅಂಟು ಇಮ್ಮಡಿಯಾದರೆ ಈ ಮಿತಿ ಅರ್ಧಕ್ಕಿಳಿಯುತ್ತದೆ. ಗಾಜಿಗೆ ಸಿಲೇನ್ ಲೇಪ, ಇಂಗಾಲದ ಎಳೆಗೆ ಆಕ್ಸಿಡೀಕರಣ, ಇವುಗಳ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯಲಾರರು.

ಮರೆತ ಅರ್ಧವೇ ನಮ್ಮ ವಿಷಯ. ಬಿರುಕಿನ ತುದಿಯ ಮುಂದೆ, ಅದು ಸಾಗುವ ದಿಕ್ಕಿಗೆ ಸಮಾಂತರವಾಗಿಯೂ ಎಳೆತವೊಂದಿದ್ದು, ಅದು ಗರಿಷ್ಠ ಪೀಡನದ ಸುಮಾರು ಐದನೆಯ ಒಂದು ಭಾಗವಾಗಿರುವುದೆಂದು ಕುಕ್ ಮತ್ತು ಗಾರ್ಡನ್ 1964ರಲ್ಲಿ ಗಣಿಸಿದರು. ಅಂಟು ತಕ್ಕಷ್ಟು ದುರ್ಬಲವಾಗಿದ್ದರೆ ಬಿರುಕು ತಲುಪುವ ಮುನ್ನವೇ ಆ ಸಂಧಿ ತೆರೆದುಕೊಂಡು ಬಿರುಕಿನ ಮೊನೆಯನ್ನು ಮೊಂಡಾಗಿಸುತ್ತದೆ. ಅಂಟು ಅತಿಯಾದರೆ ಬಿರುಕು ಎಳೆಯಿಂದ ಎಳೆಗೆ ತಡೆಯಿಲ್ಲದೆ ಹಾಯುತ್ತದೆ. ದ್ರವ್ಯ ಬಿಡಿ ಗಾಜಿನಂತೆ ಸಿಡಿಯುತ್ತದೆ.

ಎಳೆತದ ಬಲವೊಂದನ್ನೇ ನಂಬುವುದು ಎಷ್ಟು ಅಪಾಯಕರವೆಂಬುದಕ್ಕೆ ರೋಲ್ಸ್ ರಾಯ್ಸ್ ಸಂಸ್ಥೆಯ ಆರ್‌ಬಿ 211 ಎಂಜಿನು ನಿದರ್ಶನ. ಅದರ ಇಂಗಾಲ-ನಾರಿನ ಬೀಸಣಿಗೆಯ ಅಲಗುಗಳು 1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆಯನ್ನು ತಾಳಲಾರದೆ ಹೋದವು; ಟೈಟೇನಿಯಂ ಅಲಗುಗಳನ್ನೇ ಬಳಸಬೇಕಾಯಿತು. ಅಂಟೊಂದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. 1995ರಲ್ಲಿ ಬಳಕೆಗೆ ಬಂದ ಜಿಇ 90 ಎಂಜಿನಿನಲ್ಲಿ ಇಂಗಾಲ-ನಾರಿನ ಅಲಗು ಗೆದ್ದುದು ಮಾತ್ರ ತಾಳಿಕೆಯುಳ್ಳ ರಾಳ ಮತ್ತು ಟೈಟೇನಿಯಂ ಅಂಚುಗಳ ನೆರವಿನಿಂದ ಎಂಬುದನ್ನು ಮರೆಯಲಾಗದು.

ನಮ್ಮ ದೇಶದಲ್ಲಿ ಸೆಣಬು, ಕತ್ತಾಳೆ, ತೆಂಗಿನ ನಾರುಗಳನ್ನು ಕ್ಷಾರದಲ್ಲಿ ನೆನೆಸಿ, ಎಳೆತದ ಬಲ ಏರಿತೆಂದು ವರದಿಮಾಡಿ ಮುಗಿಸುವ ಪ್ರಬಂಧಗಳು ವಿರಳವಲ್ಲ. ಕ್ಷಾರ ಹದಮೀರಿದರೆ ನಾರೇ ಸವೆಯುತ್ತದೆ; ಹದವಾಗಿದ್ದರೂ ಆಘಾತದ ತಾಳಿಕೆ ಏನಾಯಿತೆಂಬ ಪ್ರಶ್ನೆ ಉಳಿಯುತ್ತದೆ. ಎಳೆತದ ಜೊತೆಗೆ ಆಘಾತ, ಪದರಗಳ ನಡುವಣ ಜಾರುಬಲ, ನೀರಿನಲ್ಲಿ ನೆನೆದ ಮೇಲಿನ ಬಲ, ಈ ಮೂರನ್ನೂ ಕೊಡದ ಪ್ರಬಂಧವನ್ನು ಅಪೂರ್ಣವೆಂದೇ ಎಣಿಸಬೇಕು. ನಮ್ಮ ಪ್ರಯೋಗಶಾಲೆಯಿಂದ ಹೊರಡುವ ಬರಹಗಳಿಗೂ ಈ ಅಳತೆಗೋಲೇ ಸಲ್ಲತಕ್ಕದ್ದು. ಬಿಡಬೇಕಾದಲ್ಲಿ ಬಿಡಬಲ್ಲ ಅಂಟೇ ಒಳ್ಳೆಯ ಅಂಟು.