ನರಿಗೊಂದು ಸ್ಪ್ರೇ, ಬಾಡಿಗೆಗೊಂದು ಪ್ರಶ್ನೆ

2016ರ 'ಝೂಟೋಪಿಯಾ'ವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದು ಮಕ್ಕಳ ನೆಪದಲ್ಲಿ. ಮೊಲವೊಂದು ಪೊಲೀಸ್ ಆಗುವ ಕತೆ. ನಗು ಉಂಟು, ಹಾಡು ಉಂಟು, ಆಸ್ಕರ್ ಕೂಡ ಬಂತು. ಆದರೆ ಸಿನಿಮಾದ ಆರಂಭದಲ್ಲೇ ಒಂದು ಸಣ್ಣ ವಸ್ತು ಕಾಣಿಸಿಕೊಳ್ಳುತ್ತದೆ. ಜೂಡಿ ಹಾಪ್ಸ್ ಎಂಬ ಮೊಲ ನಗರಕ್ಕೆ ಹೊರಟಾಗ ಅಪ್ಪ ಅಮ್ಮ ಕೈಗಿಡುವ, ನರಿ ಓಡಿಸುವ ಸ್ಪ್ರೇ. ಅವರೇನೂ ಕೆಟ್ಟವರಲ್ಲ. ಕ್ಯಾರೆಟ್ ಬೆಳೆದುಕೊಂಡು, ಮಗಳ ಮೇಲೆ ಜೀವ ಇಟ್ಟುಕೊಂಡ ರೈತರು. ನಮ್ಮ ಮನೆಗಳಲ್ಲೂ ಪೂರ್ವಗ್ರಹ ಬರುವುದು ಹೀಗೆ, ಕಾಳಜಿಯ ಡಬ್ಬಿಯಲ್ಲಿ. "ಜಾಗ್ರತೆ ಮಗಾ, ಅವರೊಟ್ಟಿಗೆ ಜಾಸ್ತಿ ಸೇರಬೇಡ" ಎಂಬ ಮಾತು ಕೇಳದೆ ಮಂಗಳೂರಲ್ಲಿ ಬೆಳೆದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡುವ.

ಸಿನಿಮಾದ ನಿಜವಾದ ಧೈರ್ಯ ಇರುವುದು ಪತ್ರಿಕಾಗೋಷ್ಠಿಯ ದೃಶ್ಯದಲ್ಲಿ. ಬೇಟೆಯಾಡುವ ಪ್ರಾಣಿಗಳಿಗೆ ಮಾತ್ರ ಯಾಕೆ ಹುಚ್ಚು ಹಿಡಿಯುತ್ತಿದೆ ಅಂತ ಪತ್ರಕರ್ತರು ಕೇಳಿದಾಗ, ಅದು ಅವರ ಹುಟ್ಟಿನಲ್ಲೇ ಇರಬಹುದು ಎಂಬರ್ಥದ ಮಾತಾಡುವುದು ಯಾವ ಖಳನೂ ಅಲ್ಲ, ನಾವು ಇಷ್ಟಪಟ್ಟ ಜೂಡಿ. ಆಮೇಲೆ ರೈಲಿನಲ್ಲಿ ಹುಲಿಯೊಂದು ಪಕ್ಕ ಕೂತರೆ ಮೊಲದ ತಾಯಿ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ಠಾಣೆಯ ರಿಸೆಪ್ಷನ್‌ನಲ್ಲಿ ನಗುತ್ತಾ ಕೂತಿದ್ದ ಚೀತಾವನ್ನು ಕಡತಗಳ ಕೋಣೆಗೆ ಕಳಿಸುತ್ತಾರೆ. ಯಾರೂ ಕಾನೂನು ಮಾಡಲಿಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ 'ಜಾಗ್ರತೆ' ಮಾಡಿದರು ಅಷ್ಟೆ.

ಈ ಊರಲ್ಲಿ ಬಾಡಿಗೆ ಫ್ಲ್ಯಾಟ್ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡ್ವಾನ್ಸ್ ಮಾತಿಗೆ ಮೊದಲು ಹೆಸರು ಕೇಳುತ್ತಾರೆ. ಹೆಸರಲ್ಲಿ ಗೊತ್ತಾಗದಿದ್ದರೆ "ಊರು ಯಾವುದು?" ಅದರಲ್ಲೂ ಗೊತ್ತಾಗದಿದ್ದರೆ "ವೆಜ್ಜಾ, ನಾನ್‌ವೆಜ್ಜಾ?" ಮೀನಿಲ್ಲದೆ ಊಟ ಇಳಿಯದ ಊರಲ್ಲಿ ಈ ಪ್ರಶ್ನೆ ಅಡುಗೆಮನೆಯ ಬಗ್ಗೆ ಅಲ್ಲ ಅಂತ ಇಬ್ಬರಿಗೂ ಗೊತ್ತು. ಕೊನೆಗೆ "ನಮಗೇನಿಲ್ಲ ಮಾರಾಯ್ರೆ, ಅಸೋಸಿಯೇಷನ್‌ನವರು ಒಪ್ಪುವುದಿಲ್ಲ" ಎಂಬ ವಿನಯದ ಉತ್ತರ.

ಹೊಗಳಿಕೆಯಲ್ಲೂ ಇದೇ ಕತೆ. ನಿಕ್ ಎಂಬ ನರಿಗೆ ಜೂಡಿ, ನೀನು ಎಷ್ಟು ಚೆಂದ ಮಾತಾಡುತ್ತೀ ಅನ್ನುತ್ತಾಳೆ. ನರಿಗೆ ಮಾತು ಬರುವುದು ಅವಳಿಗೆ ಆಶ್ಚರ್ಯ! "ನಿಮ್ಮನ್ನು ನೋಡಿದರೆ ಬ್ಯಾರಿ ಅಂತ ಗೊತ್ತೇ ಆಗುವುದಿಲ್ಲ" ಎಂಬುದೂ ಇಂಥದ್ದೇ ಹೊಗಳಿಕೆ. ಬೆಂಗಳೂರಿನ ಆಫೀಸಿನಲ್ಲಿ "ನಿಮ್ಮದು ಪುಸ್ತಕದ ಕನ್ನಡ" ಅನ್ನಿಸಿಕೊಂಡು ಮುಖ ಗಂಟಿಕ್ಕುವ ನಾವು, ಊರಿಗೆ ಬಂದ ಕೂಡಲೇ ಆಚೆ ಬದಿಗೆ ನಿಂತಿರುತ್ತೇವೆ.

ಇಷ್ಟು ಚೆನ್ನಾಗಿ ಕಂಡ ಸಿನಿಮಾ ಎರಡು ಕಡೆ ಜಾರುತ್ತದೆ. ಒಂದು, ಅಲ್ಲಿನ ಹುಲಿ ಸಿಂಹಗಳ ಪೂರ್ವಜರು ನಿಜಕ್ಕೂ ಮೊಲಗಳನ್ನು ತಿಂದವರು. ಹಾಗಾಗಿ ಭಯಕ್ಕೆ ಹಿಂದೊಮ್ಮೆ ಕಾರಣ ಇತ್ತು ಅಂತ ಕತೆಯೇ ಒಪ್ಪಿಬಿಡುತ್ತದೆ. ಮನುಷ್ಯರ ಊರಿಗೆ ಇದನ್ನು ತಂದು ಕೂರಿಸಿದರೆ ಅಪಾಯ. ಇಲ್ಲಿ ಹಲ್ಲು ಉಗುರು ಎಲ್ಲರದ್ದೂ ಒಂದೇ. ಎರಡು, ಎಲ್ಲಕ್ಕೂ ಕಾರಣ ಉಪಮೇಯರ್ ಕುರಿಯ ಪಿತೂರಿ ಅಂತ ಗೊತ್ತಾಗಿ, ಅವಳು ಜೈಲಿಗೆ ಹೋಗಿ, ಊರೆಲ್ಲಾ ಕುಣಿಯುತ್ತದೆ. 2009ರ ಜನವರಿ 24ರ ಪಬ್ ದಾಳಿ, 2012ರ ಜುಲೈ 28ರ ಪಡೀಲ್ ಹೋಂಸ್ಟೇ ದಾಳಿ ಆದಾಗಲೂ ಅನೇಕರು "ಅವರು ಯಾರೋ ಗೂಂಡಾಗಳು, ಇದು ನಮ್ಮ ಮಂಗಳೂರಲ್ಲ" ಅಂತ ಸಮಾಧಾನ ಮಾಡಿಕೊಂಡರು. ಕುರಿಯನ್ನು ಹಿಡಿದರೆ ಮುಗಿಯಿತು. ಫ್ಯಾಮಿಲಿ ಗ್ರೂಪಿನ ಫಾರ್ವರ್ಡ್‌ಗಳನ್ನು ಯಾವ ಠಾಣೆಗೆ ಒಯ್ಯುವುದು?

ಆದರೂ ಈ ಸಿನಿಮಾವನ್ನು ನಮ್ಮ ಗೋವಿನ ಹಾಡಿನ ಪಕ್ಕ ಇಟ್ಟು ನೋಡಿ. ಪುಣ್ಯಕೋಟಿ ಮಾತು ಉಳಿಸಿಕೊಂಡಳು ಅಂತ ನಾವು ಅತ್ತಿದ್ದೇವೆ. 2020ರಲ್ಲಿ ರವಿಶಂಕರ್ ಅದನ್ನು ಸಂಸ್ಕೃತದಲ್ಲಿ ಅನಿಮೇಷನ್ ಸಿನಿಮಾ ಕೂಡ ಮಾಡಿದರು. ಹಳೆಯ ಹಾಡಿನಲ್ಲಿ ಹುಲಿ ಒಳ್ಳೆಯದಾಗುತ್ತದೆ, ಆದರೆ ಪ್ರಾಣ ಬಿಟ್ಟು. ಹಸುವಿನ ಪಕ್ಕದಲ್ಲಿ ಬದುಕಿರುವ ಒಳ್ಳೆಯ ಹುಲಿಗೆ ಅಲ್ಲಿ ಜಾಗ ಇಲ್ಲ. 'ಝೂಟೋಪಿಯಾ' ಕೊನೆಗೆ ನರಿಗೆ ಪೊಲೀಸ್ ಬ್ಯಾಡ್ಜ್ ಕೊಟ್ಟು ಮೊಲದ ಪಕ್ಕದ ಸೀಟಿನಲ್ಲಿ ಕೂರಿಸುತ್ತದೆ. ಒಟ್ಟಿಗೆ ಡ್ಯೂಟಿ ಮಾಡುವುದು, ಜಗಳ ಆಡುವುದು, ಕ್ಷಮೆ ಕೇಳುವುದು, ಇದು ಸಾಯುವುದಕ್ಕಿಂತ ಕಷ್ಟದ ಕೆಲಸ.

ಮಂಗಳೂರಿಗೆ ಈ ಕೆಲಸ ಹೊಸತಲ್ಲ. ಬೇರೆ ದೇವಸ್ಥಾನಗಳ ಹೊರಗೆ ನಿಲ್ಲಿಸಲ್ಪಟ್ಟವರಿಗಾಗಿ ನಾರಾಯಣ ಗುರು 1912ರಲ್ಲಿ ಕುದ್ರೋಳಿಯಲ್ಲಿ ಪ್ರತಿಷ್ಠೆ ಮಾಡಿದರು. ಇವತ್ತು ಅಲ್ಲಿನ ದಸರಾಕ್ಕೆ ಊರಿಗೆ ಊರೇ ಸೇರುತ್ತದೆ, ಪಿಲಿವೇಷದ ತಾಸೆ ಕೇಳಿದರೆ ಎಲ್ಲರ ಕಾಲೂ ಕುಣಿಯುತ್ತದೆ. ಬೀದಿಯಲ್ಲಿ ಹುಲಿಯನ್ನು ನೋಡಿ ಖುಷಿಪಡುವುದು ನಮಗೆ ಬರುತ್ತದೆ. ಅದೇ ಹುಲಿ ಬಣ್ಣ ತೊಳೆದುಕೊಂಡು, ಆಧಾರ್ ಕಾರ್ಡ್ ಹಿಡಿದು, 2 ಬಿಎಚ್‌ಕೆ ಕೇಳಿಕೊಂಡು ಬಂದಾಗ ನಾವು ಎಂತ ಹೇಳುತ್ತೇವೆ ಎಂಬುದು ಪ್ರಶ್ನೆ.