ಬೆಟ್ಟದ ಮೇಲೊಂದು ಚೌಕ

ವೇಲ್ಸ್‌ನ ಬೆಥ್‌ಗೆಲರ್ಟ್ ಕಾಡಿನ ಚಿತ್ರವೊಂದಿದೆ, 1945ರ ಸುಮಾರಿಗೆ ತೆಗೆದದ್ದು. ಬೆಟ್ಟದ ಇಳಿಜಾರಿನಲ್ಲಿ ಮರಗಳು ಕಪ್ಪು, ತಿಳಿ, ಮತ್ತೆ ಕಪ್ಪು ಎಂದು ಚೌಕ ಚೌಕವಾಗಿ ನಿಂತಿವೆ, ಯಾರೋ ಚೌಕುಳಿ ಸೀರೆಯನ್ನು ಬಿಸಿಲಿಗೆ ಹರವಿದ ಹಾಗೆ. ಕಾಡಿಗೆ ಈ ಅಚ್ಚುಕಟ್ಟು ಬಂದದ್ದು ಲೆಕ್ಕದಿಂದ.

ಮರಗಳು ಐದು ಜಾತಿ: ಸಿಟ್ಕಾ ಸ್ಪ್ರೂಸ್, ನಾರ್ವೆ ಸ್ಪ್ರೂಸ್, ಜಪಾನಿ ಲಾರ್ಚ್, ಒಂದು ಬಗೆಯ ಪೈನ್, ಬೀಚ್. ಗಾಳಿಗೆ ಮೈಯೊಡ್ಡಿದ ಜಾಗದಲ್ಲಿ ಯಾವುದು ಹೇಗೆ ಬಾಳುತ್ತದೆಂದು ತಿಳಿಯಲು 1929ರಲ್ಲಿ ನೆಟ್ಟರು. ಅಡ್ಡ ಐದು, ಉದ್ದ ಐದು, ಒಟ್ಟು 25 ತುಂಡು ನೆಲ. ಯಾವ ಅಡ್ಡಸಾಲು ಹಿಡಿದು ನಡೆದರೂ ಐದು ಜಾತಿಗಳೂ ಒಂದೊಂದೇ ಸಲ ಎದುರಾಗುತ್ತವೆ. ಕೆಳಗಿನಿಂದ ಮೇಲಕ್ಕೆ ಹತ್ತಿದರೂ ಅಷ್ಟೇ. ಇದು ಲ್ಯಾಟಿನ್ ಚೌಕ.

ಸ್ಪ್ರೂಸನ್ನೆಲ್ಲ ಕೆಳಗೆ, ಬೀಚನ್ನೆಲ್ಲ ಮೇಲೆ ನೆಟ್ಟಿದ್ದರೆ ಗೆದ್ದದ್ದು ಮರವೋ ಜಾಗವೋ, ಹೇಳುವವರಾರು? ಈ ಚೌಕದಲ್ಲಿ ಮೇಲಿನ ಸಾಲೂ ಕೆಳಗಿನ ಸಾಲೂ ಎಲ್ಲ ಜಾತಿಗೂ ಸಮಪಾಲು. ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ, ಮಣ್ಣು ಎಲ್ಲಿ ತೆಳುವಾಗುತ್ತದೆ ಎಂಬುದು ಅರಣ್ಯದವನಿಗೆ ಗೊತ್ತು, ಲೆಕ್ಕದವನಿಗೆ ಗೊತ್ತಿಲ್ಲ. ಆ ಅರಿವನ್ನು ಅಡ್ಡಸಾಲಿಗೂ ಉದ್ದಸಾಲಿಗೂ ಹೇಗೆ ಹೊಂದಿಸಿದರೆ ಇಳಿಜಾರಿನ ಪ್ರಭಾವವನ್ನು ಕೊನೆಗೆ ಕಳೆದುಹಾಕಬಹುದು ಎಂಬುದು ಲೆಕ್ಕದವನಿಗೆ ಗೊತ್ತು.

ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿದೆ. ಐದರ ಲ್ಯಾಟಿನ್ ಚೌಕವನ್ನು 1,61,280 ಬಗೆಯಲ್ಲಿ ಬರೆಯಬಹುದು. ಅವುಗಳಲ್ಲಿ ಒಂದನ್ನು ಚೀಟಿ ಎತ್ತಿಯೇ ಆರಿಸಬೇಕು. ಎಷ್ಟೇ ಪ್ರಾಮಾಣಿಕನಾದರೂ ಮೆಚ್ಚಿನ ಸಸಿಗೆ ಒಳ್ಳೆಯ ಮಣ್ಣು ಹುಡುಕುವ ಚಪಲ ಕೈಗೆ ಇದ್ದೇ ಇರುತ್ತದೆ. ಚೀಟಿ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ. ಇಷ್ಟು ಕಟ್ಟುನಿಟ್ಟಿನ ಚೌಕದ ಒಡಲಲ್ಲಿ ಅದೃಷ್ಟಕ್ಕೊಂದು ಜಾಗ!

ಈ ವಿಧಾನವನ್ನು ಬೆಳೆಸಿದ ರೊನಾಲ್ಡ್ ಫಿಶರ್ ಅದನ್ನು ಕಲಿತದ್ದು ಹೊಲದವರ ನಡುವೆ. 1919ರಲ್ಲಿ ಅವರನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದದ್ದು, 1843ರಿಂದ ರಾಶಿ ಬಿದ್ದಿದ್ದ ಬೆಳೆಯ ದಾಖಲೆಗಳನ್ನು ಜಾಲಾಡಲು. ಜಾಲಾಡಿದರು. ಆದರೆ ಕೆಲವು ಪ್ರಶ್ನೆಗಳಿಗೆ ಆ ಅಂಕಿಗಳಲ್ಲಿ ಉತ್ತರವೇ ಇರಲಿಲ್ಲ, ಬಿತ್ತುವಾಗ ಅವನ್ನು ಯಾರೂ ಕೇಳಿರಲಿಲ್ಲವಲ್ಲ! ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಮಾಡುವುದು ಶವಪರೀಕ್ಷೆ ಎಂಬರ್ಥದ ಮಾತನ್ನು ಅವರು 1938ರಲ್ಲಿ ಕಲ್ಕತ್ತೆಯಲ್ಲಿ ಆಡಿದರು. ಹೊಲದಲ್ಲಿ ತಪ್ಪಿದರೆ ಮುಂದಿನ ಹಂಗಾಮು ಇದೆ. ಹದಿನಾರು ವರ್ಷ ಬೆಳೆದ ಕಾಡಿನಲ್ಲಿ ತಪ್ಪಿದರೆ?

ಫಿಶರ್ ನೆನಪಿಗೆಂದು ಕೇಂಬ್ರಿಜ್‌ನ ಕೀಸ್ ಕಾಲೇಜಿನಲ್ಲಿ ಬಣ್ಣದ ಗಾಜಿನ ಲ್ಯಾಟಿನ್ ಚೌಕವೊಂದಿತ್ತು. ಮನುಷ್ಯರ ತಳಿ ಸುಧಾರಿಸಬೇಕೆಂಬ ಯೂಜೆನಿಕ್ಸ್ ವಾದವನ್ನು ಅವರು ಬೆಂಬಲಿಸಿದ್ದರೆಂಬ ಕಾರಣಕ್ಕೆ 2020ರಲ್ಲಿ ತೆಗೆದರು. ನನಗೇನೂ ತಕರಾರಿಲ್ಲ. ಗಾಜಿನ ಚೌಕ ಒಬ್ಬರ ಸ್ಮಾರಕ. ಬೆಟ್ಟದ ಚೌಕದಲ್ಲಿ ಗುಂಡಿ ತೋಡಿದವರ, ಸಸಿ ನೆಟ್ಟವರ ಪಾಲೂ ಇದೆ. ಫಿಶರ್ ಮಗಳು ಜೋನ್ ಫಿಶರ್ ಬಾಕ್ಸ್ 1978ರಲ್ಲಿ ಬರೆದ ತಂದೆಯ ಜೀವನಚರಿತ್ರೆಯಲ್ಲಿ ಆ ಚಿತ್ರ ಅಚ್ಚಾಗಿದೆ. ಪುಸ್ತಕ ಕೈಗೆ ಸಿಕ್ಕರೆ ಮೊದಲು ಆ ಪುಟವನ್ನೇ ತೆರೆಯಿರಿ.